ಆಡಿನ ಸೊಪ್ಪು ಮೊಲಕ್ಕಲ್ಲ

‘ಆಡು ಮುಟ್ಟದ ಸೊಪ್ಪಿಲ್ಲ’ ಎಂಬ ಗಾದೆ ಕನ್ನಡನಾಡಿನ ಹಳ್ಳಿಹಳ್ಳಿಗಳಲ್ಲಿಯೂ ಬಳಕೆಯಲ್ಲಿದೆ. ಕುರಿ ಮೇಕೆ ಸಾಕಿದವರ ಅನುಭವದಿಂದ ಹುಟ್ಟಿದ ಈ ಮಾತು ಆಡಿನ ಮಟ್ಟಿಗೆ ಬಹುಪಾಲು ನಿಜ. ಆದರೆ ಅದೇ ಮಾತನ್ನು ಮೊಲಕ್ಕೂ ಅನ್ವಯಿಸಿ, ಆಡಿನ ಮುಂದೆ ಹಾಕಿದ ಸೊಪ್ಪಿನ ಕಂತೆಯಲ್ಲಿಯೇ ಒಂದು ಹಿಡಿಯನ್ನು ಮೊಲದ ಗೂಡಿಗೂ ಎಸೆಯುವ ರೂಢಿಯಿಂದ ಎಷ್ಟೋ ಮರಿಗಳು ಕಾರಣ ತಿಳಿಯದೆ ಸಾಯುತ್ತವೆ. ಬೆಳಗಿನ ಹೊತ್ತು ಗೂಡಿನ ಮೂಲೆಯಲ್ಲಿ ಹೊಟ್ಟೆಯುಬ್ಬಿ ಸತ್ತು ಬಿದ್ದ ಮರಿಯನ್ನು ಕಂಡು ‘ದೃಷ್ಟಿಯಾಯಿತು’, ‘ಶೀತವಾಯಿತು’ ಎನ್ನುವವರು ಹಿಂದಿನ ದಿನ ಹಾಕಿದ ಸೊಪ್ಪು ಯಾವುದು, ಅದು ಎಲ್ಲಿಂದ ಬಂತು ಎಂದು ವಿಚಾರಿಸುವುದು ವಿರಳ.

ತುರುವೇಕೆರೆ ತಾಲ್ಲೂಕಿನ ದಬ್ಬೇಘಟ್ಟ ಹೋಬಳಿಯೂ ಅದನ್ನು ಸುತ್ತುವರಿದ ತಿಪಟೂರು, ಚಿಕ್ಕನಾಯಕನಹಳ್ಳಿ ಸೀಮೆಯೂ ತೆಂಗನ್ನೇ ನಂಬಿದ ನಾಡು. ತಿಪಟೂರಿನ ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿಗೆ ಎಷ್ಟು ಬೆಲೆ ಎಂಬುದರ ಮೇಲೆ ಇಲ್ಲಿಯ ಮದುವೆ, ಓದು, ಸಾಲ ಎಲ್ಲವೂ ನಿಂತಿವೆ. 2023ರಲ್ಲಿ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿಯ ಬೆಂಬಲ ಬೆಲೆ ನಿಗದಿ ಮಾಡಿದ್ದರೂ ಮಾರುಕಟ್ಟೆಯ ಬೆಲೆ ಅದಕ್ಕಿಂತ ಬಹಳ ಕೆಳಗಿಳಿದಿತ್ತು. ಅದೇ ವರ್ಷ ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಇಂತಹ ವರ್ಷಗಳಲ್ಲಿ ತೋಟದ ಮನೆಗಳವರು ಕೋಳಿ, ಮೇಕೆ, ಮೊಲ ಎಂದು ಸಣ್ಣ ಆದಾಯದ ದಾರಿಗಳನ್ನು ಹುಡುಕುವುದು ಸಹಜ. ಎರಡು ಹೆಣ್ಣು ಒಂದು ಗಂಡು ಮೊಲವನ್ನು ತಂದು, ತೆಂಗಿನ ಮರದ ನೆರಳಿನಲ್ಲಿ ಗೂಡು ಕಟ್ಟಿ, ಮನೆಯ ಹೆಂಗಸರೂ ಶಾಲೆಗೆ ಹೋಗುವ ಮಕ್ಕಳೂ ನೋಡಿಕೊಳ್ಳುವ ಈ ಕಸುಬಿಗೆ ಬಂಡವಾಳ ಕಡಿಮೆ, ಜಾಗವೂ ಹೆಚ್ಚು ಬೇಡ. ಮೇವು ಮಾತ್ರ ಪ್ರತಿದಿನ ಬೇಕು, ಅಲ್ಲಿಯೇ ಎಡವಟ್ಟಾಗುವುದು.

ಬಡವರ ಮನೆಯಲ್ಲಿ ಒಂದು ಸೂಲಿನ ಮರಿಗಳು ಸತ್ತರೆ ಅದು ಸಣ್ಣ ನಷ್ಟವಲ್ಲ. ಜೊತೆಗೆ, ಮೂಕಪ್ರಾಣಿಯನ್ನು ಗೂಡಿನಲ್ಲಿ ಕೂಡಿಟ್ಟ ಮೇಲೆ ಅದಕ್ಕೆ ತನ್ನ ಮೇವನ್ನು ತಾನೇ ಆರಿಸಿಕೊಳ್ಳುವ ಸ್ವಾತಂತ್ರ್ಯವಿಲ್ಲ. ಬಯಲಿನಲ್ಲಿ ಮೇಯುವ ಪ್ರಾಣಿ ಹತ್ತು ಗಿಡ ಮೂಸಿ ಎರಡನ್ನು ತಿನ್ನುತ್ತದೆ. ಗೂಡಿನಲ್ಲಿರುವ ಪ್ರಾಣಿ ಹಸಿದಾಗ ಮುಂದಿದ್ದುದನ್ನು ತಿನ್ನುತ್ತದೆ. ಆರಿಸುವ ಹೊಣೆ ಹಾಗಾಗಿ ಸಾಕುವವರ ಮೇಲೆ ಬೀಳುತ್ತದೆ.

ಆಡಿಗೂ ಮೊಲಕ್ಕೂ ಇರುವ ವ್ಯತ್ಯಾಸ ಹೊಟ್ಟೆಯ ರಚನೆಯಲ್ಲಿದೆ. ಆಡು ಮೆಲುಕು ಹಾಕುವ ಪ್ರಾಣಿ. ಅದು ತಿಂದ ಸೊಪ್ಪು ಮೊದಲು ದೊಡ್ಡ ಹೊಟ್ಟೆಯನ್ನು ಸೇರಿ, ಅಲ್ಲಿಯ ಕೋಟ್ಯಂತರ ಸೂಕ್ಷ್ಮಜೀವಿಗಳ ಕೈಯಲ್ಲಿ ಹುದುಗಿದ ನಂತರವೇ ಮುಂದಕ್ಕೆ ಸಾಗುತ್ತದೆ. ಸೊಪ್ಪಿನಲ್ಲಿರುವ ಹಲವು ವಿಷಗಳು ರಕ್ತವನ್ನು ಸೇರುವ ಮೊದಲೇ ಅಲ್ಲಿ ಒಡೆದು ಹೋಗುತ್ತವೆ. ಮೊಲದಲ್ಲಿ ಈ ಹುದುಗುವ ಕೋಣೆ ಇರುವುದು ಹಿಂಭಾಗದಲ್ಲಿ, ಸಣ್ಣ ಕರುಳು ಮುಗಿದ ಮೇಲೆ. ಕುರುಡು ಕರುಳು ಎಂದು ಕರೆಯುವ ಈ ಚೀಲ ಮೊಲದ ಜೀರ್ಣಾಂಗದಲ್ಲಿರುವ ಒಟ್ಟು ಆಹಾರದ ಸುಮಾರು ಶೇ. 40ರಷ್ಟನ್ನು ಹಿಡಿದಿಡುತ್ತದೆ. ಆಹಾರ ಅಲ್ಲಿಗೆ ತಲುಪುವ ಹೊತ್ತಿಗೆ ವಿಷದ ಬಹುಪಾಲು ಸಣ್ಣ ಕರುಳಿನಿಂದಲೇ ರಕ್ತಕ್ಕೆ ಸೇರಿರುತ್ತದೆ. ಆಡಿನ ಮನೆಯಲ್ಲಿ ಕಾವಲುಗಾರ ಮುಂಬಾಗಿಲಿನಲ್ಲಿದ್ದರೆ ಮೊಲದ ಮನೆಯಲ್ಲಿ ಹಿತ್ತಿಲಿನಲ್ಲಿದ್ದಾನೆ.

ಇನ್ನೊಂದು ಸಂಗತಿಯಿದೆ. ಮೊಲಕ್ಕೆ ವಾಂತಿ ಮಾಡಿಕೊಳ್ಳುವ ಶಕ್ತಿಯಿಲ್ಲ. ಒಳಗೆ ಹೋದ ಕೆಟ್ಟ ಪದಾರ್ಥ ಪೂರ್ತಿ ಕರುಳನ್ನು ದಾಟಿಯೇ ಹೊರಬರಬೇಕು. ಆ ಕರುಳು ಸದಾ ಚಲಿಸುತ್ತಿರಬೇಕಾದರೆ ನಾರು ಬೇಕು. ನಾರು ಕಡಿಮೆಯಾಗಿ ರಸವೇ ಹೆಚ್ಚಾದರೆ ಕರುಳಿನ ಚಲನೆ ಕುಗ್ಗುತ್ತದೆ, ಸೂಕ್ಷ್ಮಜೀವಿಗಳ ಸಮತೋಲ ತಪ್ಪುತ್ತದೆ, ಗಾಳಿ ತುಂಬಿಕೊಳ್ಳುತ್ತದೆ. ಮೊಲವು ರಾತ್ರಿ ಹಾಗೂ ಬೆಳಗಿನ ಜಾವ ತನ್ನ ಮೆದು ಹಿಕ್ಕೆಯನ್ನು ತಾನೇ ತಿನ್ನುವುದನ್ನು ಕಂಡು ರೋಗವೆಂದು ಗಾಬರಿಪಡುವವರಿದ್ದಾರೆ. ಅದು ರೋಗವಲ್ಲ; ಕುರುಡು ಕರುಳಿನಲ್ಲಿ ತಯಾರಾದ ಪೋಷಕಾಂಶಗಳನ್ನು ಮರಳಿ ಪಡೆಯಲು ಪ್ರಕೃತಿ ಮಾಡಿಕೊಟ್ಟ ಏರ್ಪಾಡು. ಮೊಲದ ಹಲ್ಲುಗಳು ಆಯುಷ್ಯವಿಡೀ ಬೆಳೆಯುತ್ತಲೇ ಇರುವುದರಿಂದ ಅವು ಸವೆಯಲೂ ನಾರಿನ ಹುಲ್ಲೇ ಬೇಕು. ಆದುದರಿಂದ ಗೂಡಿನಲ್ಲಿ ಒಣಹುಲ್ಲು ಹಗಲಿರುಳೂ ಇರಲೇಬೇಕು. ಹಸಿಸೊಪ್ಪು ಅದರ ಜೊತೆಗೆ ಸೇರುವುದೇ ಹೊರತು ಅದರ ಜಾಗವನ್ನು ತುಂಬುವುದಿಲ್ಲ.

ದಬ್ಬೇಘಟ್ಟದಂತಹ ತೆಂಗಿನ ಸೀಮೆಯಲ್ಲಿ ಮೊದಲು ಎಚ್ಚರ ವಹಿಸಬೇಕಾದ ಗಿಡ ಗ್ಲಿರಿಸಿಡಿಯಾ. ‘ಗೊಬ್ಬರದ ಗಿಡ’ ಎಂದೇ ಹೆಸರಾದ ಇದು ಬೇಗ ಚಿಗುರುತ್ತದೆ, ಬರಗಾಲದಲ್ಲಿಯೂ ಹಸಿರಾಗಿರುತ್ತದೆ, ಕೈಗೆಟುಕುವ ಎತ್ತರದಲ್ಲಿಯೇ ಸಿಗುತ್ತದೆ. ತೆಂಗಿನ ಪಾತಿಗೆ ಇದಕ್ಕಿಂತ ಒಳ್ಳೆಯ ಹಸಿರೆಲೆ ಗೊಬ್ಬರ ಸಿಗುವುದು ಕಷ್ಟ. ಆದರೆ ಅದರ ವೈಜ್ಞಾನಿಕ ಹೆಸರಿನ ಅರ್ಥವೇ ‘ಇಲಿಯನ್ನು ಕೊಲ್ಲುವುದು’ ಎಂದು. ಗಿಡದ ತವರಾದ ಮಧ್ಯ ಅಮೆರಿಕದಲ್ಲಿ ಅದರ ಎಲೆ ತೊಗಟೆಗಳನ್ನು ಕಾಳಿನೊಡನೆ ಬೆರೆಸಿ ಇಲಿಪಾಷಾಣವಾಗಿ ಬಳಸುತ್ತಿದ್ದರು. ಸೊಪ್ಪಿನಲ್ಲಿರುವ ಕೌಮರಿನ್ ಎಂಬ ವಸ್ತು ಬೂಷ್ಟು ಹಿಡಿದಾಗ ರಕ್ತ ಹೆಪ್ಪುಗಟ್ಟದಂತೆ ಮಾಡುವ ಡೈಕೌಮರಾಲ್ ಆಗಿ ಮಾರ್ಪಡುತ್ತದೆ. ಅಮೆರಿಕದಲ್ಲಿ 1920ರ ದಶಕದಲ್ಲಿ ಬೂಷ್ಟು ಹಿಡಿದ ಮೇವು ತಿಂದ ದನಗಳು ಒಳಗೊಳಗೇ ರಕ್ತಸ್ರಾವವಾಗಿ ಸತ್ತ ಕಾರಣವನ್ನು ಹುಡುಕುತ್ತ ಹೋದ ವಿಜ್ಞಾನಿ ಕಾರ್ಲ್ ಪಾಲ್ ಲಿಂಕ್ ಅವರ ತಂಡ 1940ರ ಸುಮಾರಿಗೆ ಕಂಡುಹಿಡಿದದ್ದು ಇದೇ ವಸ್ತುವನ್ನು. ಅದರ ಜಾಡಿನಲ್ಲಿಯೇ ವಾರ್ಫರಿನ್ ಎಂಬ ಇಲಿಪಾಷಾಣ ಬಂತು. ಬಾಡಿಸಿದ ಗ್ಲಿರಿಸಿಡಿಯಾವನ್ನು ಆಡು ತಿಂದು ಅರಗಿಸಿಕೊಳ್ಳಬಹುದು. ಮೊಲದ ಗೂಡಿಗೆ ಮಾತ್ರ ಅದು ಬೇಡ. ತೆಂಗಿನ ಬುಡವೇ ಅದಕ್ಕೆ ತಕ್ಕ ಸ್ಥಳ.

ಎರಡನೆಯದು ಸುಬಾಬುಲ್. ಅದರಲ್ಲಿ ಸಸಾರಜನಕ ಸಮೃದ್ಧವಾಗಿದೆ, ಮೊಲವೂ ಆಸೆಯಿಂದ ತಿನ್ನುತ್ತದೆ. ಆದರೆ ಅದರ ಎಳೆ ಚಿಗುರಿನಲ್ಲಿಯೂ ಬೀಜದಲ್ಲಿಯೂ ಮಿಮೊಸಿನ್ ಎಂಬ ವಿಷವಸ್ತುವಿದೆ. ಅದು ಹೆಚ್ಚಾದರೆ ಕೂದಲು ಉದುರುತ್ತದೆ, ಬೆಳವಣಿಗೆ ಕುಂಠಿತವಾಗುತ್ತದೆ. ಆಸ್ಟ್ರೇಲಿಯಾದ ದನಗಳು ಇದೇ ಸೊಪ್ಪು ತಿಂದು ಸೊರಗುತ್ತಿದ್ದಾಗ ಹವಾಯಿಯ ಆಡುಗಳಿಗೆ ಏನೂ ಆಗುತ್ತಿರಲಿಲ್ಲ. 1980ರ ದಶಕದ ಆರಂಭದಲ್ಲಿ ವಿಜ್ಞಾನಿ ರೇಮಂಡ್ ಜೋನ್ಸ್ ಇದನ್ನು ಪರಿಶೀಲಿಸಿ, ಆ ಆಡುಗಳ ಹೊಟ್ಟೆಯಲ್ಲಿರುವ ಒಂದು ಬ್ಯಾಕ್ಟೀರಿಯಾ ಈ ವಿಷವನ್ನು ಒಡೆಯುತ್ತದೆಂದು ತೋರಿಸಿದರು. ಆಡಿಗೆ ಒಗ್ಗಿದ ಸೊಪ್ಪು ಇತರ ಪ್ರಾಣಿಗೆ ಏಕೆ ಒಗ್ಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಮೊಲಕ್ಕೆ ಸುಬಾಬುಲ್ ಕೊಡುವುದಾದರೆ ಬಲಿತ ಎಲೆಯನ್ನು, ಬೇರೆ ಮೇವಿನೊಡನೆ ಬೆರೆಸಿ, ಒಂದು ಸಣ್ಣ ಪಾಲು ಮಾತ್ರ ಕೊಡಬೇಕು. ಬಸುರಿ ಮೊಲಕ್ಕೂ ಮರಿಗಳಿಗೂ ಅದನ್ನು ತಪ್ಪಿಸುವುದೇ ಲೇಸು.

ಬದುಗಳ ಮೇಲೆ, ರಸ್ತೆಯಂಚಿನಲ್ಲಿ ಬೆಳೆಯುವ ಇನ್ನು ಕೆಲವು ಗಿಡಗಳನ್ನು ಗೂಡಿನ ಹತ್ತಿರವೂ ತರಬಾರದು. ಕಣಗಿಲೆ ಮತ್ತು ಎಕ್ಕ ಹೃದಯವನ್ನೇ ನಿಲ್ಲಿಸುವ ವಿಷವುಳ್ಳವು. ಲಂಟಾನ ಯಕೃತ್ತನ್ನು ಕೆಡಿಸುತ್ತದೆ. ಹರಳು, ಕಾಂಗ್ರೆಸ್ ಗಿಡ, ಮರಗೆಣಸಿನ ಸೊಪ್ಪು ಇವೂ ಸಲ್ಲವು. ಒಣಗಿ ನಿಂತ ಹೊಲಕ್ಕೆ ಮಳೆ ಬಿದ್ದ ಮೇಲೆ ಚಿಗುರುವ ಜೋಳದ ಕೂಳೆ ಕಣ್ಣಿಗೆ ಹಬ್ಬವಾದರೂ ಅದರಲ್ಲಿ ಸಯನೈಡ್ ಉತ್ಪತ್ತಿಯಾಗುವ ಅಂಶ ಅತಿ ಹೆಚ್ಚಾಗಿರುತ್ತದೆ. ದನಗಳೇ ಅದನ್ನು ತಿಂದು ಸತ್ತ ಪ್ರಸಂಗಗಳನ್ನು ರೈತರು ಬಲ್ಲರು. ಮಲೆನಾಡಿನ ಓದುಗರು ಇದೇ ಪಟ್ಟಿಗೆ ಜರೀಗಿಡಗಳನ್ನೂ ಬೆಣ್ಣೆಹಣ್ಣಿನ ಎಲೆಯನ್ನೂ ಸೇರಿಸಿಕೊಳ್ಳಬೇಕು. ಉಮ್ಮತ್ತಿಯ ವಿಷಯದಲ್ಲಿ ಒಂದು ವಿಚಿತ್ರವಿದೆ. ಅದರಲ್ಲಿರುವ ಅಟ್ರೊಪಿನ್ ವಿಷವನ್ನು ಒಡೆಯುವ ಕಿಣ್ವ ಕೆಲವು ಮೊಲಗಳ ರಕ್ತದಲ್ಲಿ ಹುಟ್ಟಿನಿಂದಲೇ ಇರುತ್ತದೆ, ಕೆಲವುದರಲ್ಲಿ ಇರುವುದಿಲ್ಲ. ಪಕ್ಕದ ಮನೆಯ ಮೊಲ ತಿಂದು ಬದುಕಿತು ಎಂಬುದು ತಮ್ಮ ಮನೆಯ ಮೊಲಕ್ಕೆ ಪ್ರಮಾಣವಾಗುವುದಿಲ್ಲ.

ಹಾಗಾದರೆ ಕೊಡುವುದೇನು? ಗರಿಕೆ, ಗಿನಿಹುಲ್ಲು, ನೇಪಿಯರ್, ಕುದುರೆಮೆಂತೆ, ಅಲಸಂದೆ, ಹುರುಳಿಯ ಬಳ್ಳಿ, ಅಗಸೆ, ನುಗ್ಗೆ, ಹಲಸಿನ ಎಲೆ, ದಾಸವಾಳದ ಎಲೆ ಇವೆಲ್ಲ ಒಗ್ಗುವ ಮೇವುಗಳು. ಹಿಪ್ಪುನೇರಳೆ ಎಲ್ಲಕ್ಕಿಂತ ಮೇಲು. ಅದರ ಒಣ ಎಲೆಯಲ್ಲಿ ಶೇ. 15ರಿಂದ 25ರವರೆಗೆ ಸಸಾರಜನಕವಿದ್ದು, ಕಾಡುವಂತಹ ವಿಷಾಂಶವೇನೂ ಇಲ್ಲ. ಹಾಲವಾಣದ ಎಲೆ ಕೇರಳದ ಮೊಲ ಸಾಕಣೆದಾರರ ಹಳೆಯ ಮೇವು. ಅದರ ಬೀಜ ಮತ್ತು ತೊಗಟೆ ವಿಷಕಾರಿಯಾದುದರಿಂದ ಎಲೆಯನ್ನು ಮಾತ್ರ ಬಿಡಿಸಿ ಕೊಡಬೇಕು. 2000ರ ದಶಕದ ಮಧ್ಯದಿಂದ ದಕ್ಷಿಣ ಭಾರತಕ್ಕೆ ಬಂದ ಸಣ್ಣ ಕಣಜವೊಂದು ಹಾಲವಾಣದ ಚಿಗುರನ್ನು ಗಂಟುಗಂಟಾಗಿಸಿ ಮರಗಳನ್ನು ಸೊರಗಿಸಿದೆ. ಅಂತಹ ಎಲೆಯನ್ನು ಬಿಡಬೇಕು.

ಯಾವ ಸೊಪ್ಪೂ ಒಂಟಿಯಾಗಿ ಹೊಟ್ಟೆ ತುಂಬಬಾರದು ಎಂಬುದು ಇಲ್ಲಿಯ ಮುಖ್ಯ ಸೂತ್ರ. ಹಳೆಯ ಮೈಸೂರು ಸೀಮೆಯ ಹೆಂಗಸರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಮಳೆಗಾಲದಲ್ಲಿ ಹೊಲದ ಬದುಗಳಲ್ಲಿ ಅಲೆದು ಅಣ್ಣೆ, ಹೊನಗೊನೆ, ಗೋಣಿ, ಕಿರಕಸಾಲೆ ಎಂದು ಹತ್ತಾರು ಬಗೆಯನ್ನು ಮಡಿಲಿಗೆ ತುಂಬಿ ತಂದು ಮಾಡುವ ಬೆರಕೆ ಸೊಪ್ಪಿನ ಸಾರಿನ ಹಿಂದೆ ಇದೇ ವಿವೇಕವಿದೆ. ಒಂದೊಂದು ಗಿಡದಲ್ಲಿಯೂ ಒಂದೊಂದು ಒಗರು, ಒಂದೊಂದು ಉಷ್ಣ; ಎಲ್ಲವೂ ಹಿತಮಿತವಾಗಿ ಬೆರೆತಾಗ ಯಾವುದರ ದೋಷವೂ ಮಿತಿ ಮೀರುವುದಿಲ್ಲ. ಮೊಲದ ಬುಟ್ಟಿಯೂ ಬೆರಕೆಯಾಗಿರಬೇಕು. ಮೂರು ಪಾಲು ಹುಲ್ಲಿಗೆ ಒಂದು ಪಾಲು ಬೇಳೆಕಾಳಿನ ಜಾತಿಯ ಸೊಪ್ಪು, ಅದೂ ಎರಡು ಮೂರು ಬಗೆಯದು, ಎಂಬ ಅಳತೆಯನ್ನಿಟ್ಟುಕೊಂಡರೆ ತಪ್ಪುವ ಸಂಭವ ಕಡಿಮೆ. ಬೆಳೆದ ಮೊಲಕ್ಕೆ ಒಣಹುಲ್ಲಿನ ಜೊತೆಗೆ ದಿನಕ್ಕೆ 200ರಿಂದ 300 ಗ್ರಾಂ ಹಸಿಮೇವು ಸಾಕು. ಹೊಸ ಸೊಪ್ಪನ್ನು ಮೊದಲ ದಿನ ಒಂದೆರಡು ಎಲೆಯಷ್ಟೇ ಕೊಟ್ಟು, ಹಿಕ್ಕೆ ಗಟ್ಟಿಯಾಗಿಯೇ ಇದೆಯೆಂದು ನೋಡಿಕೊಂಡು, ಏಳರಿಂದ ಹತ್ತು ದಿನಗಳಲ್ಲಿ ನಿಧಾನವಾಗಿ ಹೆಚ್ಚಿಸಬೇಕು. ತಾಯಿಯ ಹಾಲು ಬಿಡಿಸಿದ ಹೊಸತರಲ್ಲಿ ಮರಿಗಳ ಕರುಳು ಅತ್ಯಂತ ನಾಜೂಕು. ಆಗ ಮೇವು ಬದಲಾಯಿಸಲೇಬಾರದು.

ಕೊಯ್ಯುವ ಕ್ರಮಕ್ಕೂ ಮಹತ್ವವಿದೆ. ಇಬ್ಬನಿ ಅಥವಾ ಮಳೆಯಲ್ಲಿ ತೊಯ್ದ ಸೊಪ್ಪನ್ನು ಹಾಗೆಯೇ ಹಾಕಿದರೆ ಹೊಟ್ಟೆಯುಬ್ಬರ ಕಾದಿರುತ್ತದೆ. ಇಬ್ಬನಿ ಆರಿದ ಮೇಲೆ ಕೊಯ್ದು, ನೆರಳಿನಲ್ಲಿ ತೆಳ್ಳಗೆ ಹರಡಿ, ಕೆಲವು ತಾಸು ಬಾಡಿಸಿ ಹಾಕುವುದು ಒಳ್ಳೆಯದು. ರಾಶಿ ಹಾಕಿ ಗೋಣಿ ಮುಚ್ಚಿದ ಸೊಪ್ಪು ಒಳಗೇ ಕಾವೇರಿ ಕೊಳೆಯತೊಡಗುತ್ತದೆ. ಮುಟ್ಟಿದರೆ ಬಿಸಿಯೆನಿಸುವ ಸೊಪ್ಪನ್ನು ಗೊಬ್ಬರದ ಗುಂಡಿಗೆ ಹಾಕಬೇಕು. ತೆಂಗಿನ ಸೀಮೆಯಲ್ಲಿ ಸುಲಭವಾಗಿ ದೊರೆಯುವ ಕೊಬ್ಬರಿ ಹಿಂಡಿಯ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಬೂಷ್ಟು ಹಿಡಿದ ಹಿಂಡಿಯಲ್ಲಿ ಬೆಳೆಯುವ ಅಫ್ಲಾಟಾಕ್ಸಿನ್ ವಿಷಕ್ಕೆ ಅತಿ ಬೇಗ ತುತ್ತಾಗುವ ಪ್ರಾಣಿಗಳಲ್ಲಿ ಮೊಲವೂ ಒಂದು. ದೇಹತೂಕದ ಪ್ರತಿ ಕಿಲೋಗೆ ಸುಮಾರು 0.3 ಮಿಲಿಗ್ರಾಂನಷ್ಟು ಅಲ್ಪಪ್ರಮಾಣವೇ ಅದರ ಪ್ರಾಣಕ್ಕೆ ಸಾಕು. ಮಾರಾಟಕ್ಕೆ ಯೋಗ್ಯವಲ್ಲದ ಕೊಬ್ಬರಿ ಮೊಲಕ್ಕೂ ಯೋಗ್ಯವಲ್ಲ.

ಗಿಡದ ಸ್ವಂತ ವಿಷಕ್ಕಿಂತ ದೊಡ್ಡ ಅಪಾಯ ಮನುಷ್ಯ ಸುರಿದ ವಿಷ. ಗರಿಕೆ ನಿರಪಾಯವಾದ ಹುಲ್ಲು. ಆದರೆ ಕಳೆನಾಶಕ ಹೊಡೆದ ಪಾತಿಯ ಗರಿಕೆ ನಿರಪಾಯವಲ್ಲ. ಸಿಂಪಡಿಸಿದ ಒಂದೆರಡು ದಿನ ಹುಲ್ಲು ಹಸಿರಾಗಿಯೇ ಇರುವುದರಿಂದ ಕೊಯ್ಯಲು ಬಂದ ಹುಡುಗನಿಗೆ ಅದರ ಸುಳಿವೂ ಸಿಗುವುದಿಲ್ಲ. ಗ್ಲೈಫೊಸೇಟ್ ಬಳಕೆಯನ್ನು ಪರವಾನಗಿ ಪಡೆದ ಕೀಟ ನಿಯಂತ್ರಕರಿಗೆ ಮಾತ್ರ ಸೀಮಿತಗೊಳಿಸಿ ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಅಧಿಸೂಚನೆ ಹೊರಡಿಸಿತು. ತೆಂಗಿನ ಕಪ್ಪುತಲೆ ಹುಳುವಿಗೆ ಬೇರಿನ ಮೂಲಕ ಉಣಿಸುತ್ತಿದ್ದ ಮಾನೊಕ್ರೊಟೊಫಾಸ್ ದ್ರಾವಣವನ್ನು ಕೈಬಿಡುವ ಆದೇಶ 2023ರಲ್ಲಿ ಬಂತು. ಕಾಗದದ ಮೇಲಿನ ಆದೇಶ ತೋಟದ ಮೂಲೆಯಲ್ಲಿ ಬಿದ್ದ ಹಳೆಯ ಬಾಟಲಿಯನ್ನು ತೊಳೆದುಬಿಡುವುದಿಲ್ಲ. ಔಷಧದ ಬುಟ್ಟಿಯಲ್ಲಿಯೇ ಸೊಪ್ಪು ತುಂಬುವುದು, ಸಿಂಪರಣೆಯ ಡ್ರಮ್ ತೊಳೆದ ನೀರು ಹರಿದ ಕಡೆ ಹುಲ್ಲು ಕೊಯ್ಯುವುದು, ರೇಷ್ಮೆಗೆಂದು ಔಷಧ ಹೊಡೆದ ಹಿಪ್ಪುನೇರಳೆಯನ್ನು ಗಡುವು ಮುಗಿಯದೆ ತರುವುದು, ಇವೆಲ್ಲ ಬಿಡಬೇಕಾದ ಅಭ್ಯಾಸಗಳು.

ಇಲ್ಲಿ ಒಂದು ವಿಷಾದದ ಸಂಗತಿಯನ್ನು ಹೇಳಲೇಬೇಕು. ಕಪ್ಪುತಲೆ ಹುಳುವಿನ ಮರಿಗಳ ಮೇಲೆ ಮೊಟ್ಟೆಯಿಟ್ಟು ಅದನ್ನು ಹತೋಟಿಗೆ ತರುವ ಗೋನಿಯೋಜಸ್ ಎಂಬ ಪುಟ್ಟ ಪರತಂತ್ರ ಕಣಜ ತೆಂಗಿನ ಬೆಳೆಗಾರರಿಗೆ ಹೊಸದಲ್ಲ. ಅದನ್ನು ಸಾಕಿ ತೋಟಗಳಿಗೆ ಬಿಡುವ ವಿಧಾನ ದಶಕಗಳಿಂದ ಬಳಕೆಯಲ್ಲಿದೆ. ವಿಷವಿಲ್ಲದ ದಾರಿ ಕೈಯಲ್ಲಿಯೇ ಇದ್ದರೂ ಅಂಗಡಿಯ ಬಾಟಲಿಯ ಕಡೆಗೆ ಕೈ ಚಾಚುವುದು ರೂಢಿಯಾಯಿತು. ಬೆರಕೆ ಸೊಪ್ಪಿಗೆ ಬದುಗಳಲ್ಲಿ ಅಲೆಯುತ್ತಿದ್ದ ಅಜ್ಜಿಯರಿಗೆ ಇಂದು ಹತ್ತು ಬಗೆಯ ಸೊಪ್ಪು ಒಂದೇ ತೋಟದಲ್ಲಿ ಸಿಗುವುದು ಕಷ್ಟ. ಸಿಕ್ಕರೂ ಅದನ್ನು ಧೈರ್ಯವಾಗಿ ಕೊಯ್ಯುವಂತಿಲ್ಲ. ಮೊಲಕ್ಕೆ ಹಾಕಲು ಹೆದರಬೇಕಾದ ಸೊಪ್ಪು ಮನೆಯವರ ಸಾರಿಗೂ ಸಲ್ಲದು. ಎರಡು ಕಿಲೋ ತೂಕದ ಈ ಪ್ರಾಣಿ ತೋಟದ ಆರೋಗ್ಯದ ಬಗ್ಗೆ ಕೇಳುವ ಪ್ರಶ್ನೆಗೆ ಉತ್ತರಿಸಬೇಕಾದವರು ತೋಟದ ಒಡೆಯರು.

ಮೇವು ತರುವಾಗ ಮರದ ಕಡೆಗೂ ನೋಡಬೇಕು. ಗೋಮಾಳದ, ಕೆರೆಯ ಏರಿಯ, ದೇವರಕಾಡಿನ ಮರಗಳನ್ನು ಬೋಳು ಮಾಡಿ ಮೊಲ ಸಾಕುವುದು ಪರಿಸರಕ್ಕೆ ಮಾಡುವ ಉಪಕಾರವಲ್ಲ. ಒಂದು ಗಿಡದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಎಲೆ ತೆಗೆಯದೆ, ಮತ್ತೆ ಚಿಗುರಿದ ಮೇಲೆಯೇ ಅದರ ಬಳಿ ಹೋಗುವ ನಿಯಮವನ್ನು ಇಟ್ಟುಕೊಳ್ಳಬಹುದು. ಅದಕ್ಕಿಂತ ಮೇಲಾದುದು ತೋಟದ ಬೇಲಿಯಲ್ಲಿಯೇ ಅಗಸೆ, ನುಗ್ಗೆ, ಹಿಪ್ಪುನೇರಳೆಗಳನ್ನು ನೆಡುವುದು. ತಿಪಟೂರು ತಾಲ್ಲೂಕಿನ ಲಕ್ಕಿಹಳ್ಳಿಯ ಬೈಫ್ ಸಂಸ್ಥೆಯ ಕ್ಷೇತ್ರದಲ್ಲಿಯೂ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿಯೂ ಮರ ಹಾಗೂ ಮೇವಿನ ಬೆಳೆಗಳ ತಿಳಿವಳಿಕೆ ಪಡೆಯಲು ಅವಕಾಶವಿದೆ. ಮೊಲದ ಹಿಕ್ಕೆ ತೆಂಗಿನ ಪಾತಿಗೆ ಮರಳಿದರೆ ಚಕ್ರ ಪೂರ್ಣವಾಗುತ್ತದೆ.

ಬದುಗಳಲ್ಲಿ ಹುಲ್ಲು ಕೊಯ್ಯುವಾಗ ಕಾಡುಮೊಲದ ಮರಿ ಕಣ್ಣಿಗೆ ಬಿದ್ದರೆ ಅದನ್ನು ಮನೆಗೆ ತರಬಾರದು. ಗೂಡಿನ ಮೊಲ ಯೂರೋಪಿನ ಬಿಲಮೊಲದ ಸಂತತಿ. ಅದರ ಮರಿ ಕೂದಲಿಲ್ಲದೆ, ಕಣ್ಣು ಮುಚ್ಚಿಕೊಂಡು ಹುಟ್ಟುತ್ತದೆ. ನಮ್ಮ ನಾಡಿನ ಕಾಡುಮೊಲ ಬೇರೆಯೇ ಜಾತಿ. ಅದರ ಮರಿ ಮೈತುಂಬ ಕೂದಲಿನೊಡನೆ, ಕಣ್ಣು ತೆರೆದೇ ಹುಟ್ಟುತ್ತದೆ. ಒಂಟಿಯಾಗಿ ಕುಳಿತ ಮರಿ ತಬ್ಬಲಿಯಲ್ಲ. ತಾಯಿ ಕತ್ತಲಾದ ಮೇಲೆ ಹಾಲೂಡಿಸಲು ಬರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಹಿಡಿಯುವುದೂ ಸಾಕುವುದೂ ಅಪರಾಧ. ಹಾಗೆಯೇ, ಸಾಕಲು ಬೇಸರವಾಯಿತೆಂದು ಗೂಡಿನ ಮೊಲವನ್ನು ಗುಡ್ಡಕ್ಕೆ ಬಿಡುವುದೂ ತಪ್ಪು. 1859ರಲ್ಲಿ ಬೇಟೆಯ ಮೋಜಿಗೆಂದು ಒಬ್ಬ ಜಮೀನುದಾರ ಬಿಟ್ಟ ಬೆರಳೆಣಿಕೆಯ ಮೊಲಗಳಿಂದ ಆಸ್ಟ್ರೇಲಿಯಾ ಅನುಭವಿಸಿದ ಪಾಡು ಜಗತ್ತಿಗೇ ಪಾಠ.

ಎಷ್ಟೇ ಎಚ್ಚರವಿದ್ದರೂ ಒಮ್ಮೊಮ್ಮೆ ತಪ್ಪಾಗುತ್ತದೆ. ಮೊಲ ಮೇವು ಬಿಟ್ಟು ಮೂಲೆ ಸೇರಿದರೆ, ಬೆನ್ನು ಗೂನು ಮಾಡಿ ಹಲ್ಲು ಕಡಿಯುತ್ತಿದ್ದರೆ, ಹಿಕ್ಕೆ ಸಣ್ಣದಾಗಿ ಅಥವಾ ನಿಂತೇ ಹೋದರೆ, ಹೊಟ್ಟೆ ತಮಟೆಯಂತೆ ಬಿಗಿದಿದ್ದರೆ ಅದು ಕಾಯುವ ಸಮಯವಲ್ಲ. ಅರ್ಧ ದಿನ ಮೇವು ಬಿಟ್ಟ ಮೊಲದ ಪ್ರಾಣ ಅಪಾಯದಲ್ಲಿದೆ. ಹಸಿಸೊಪ್ಪನ್ನು ಪೂರ್ತಿಯಾಗಿ ತೆಗೆದು, ಶುದ್ಧ ನೀರು ಮತ್ತು ಒಣಹುಲ್ಲನ್ನಷ್ಟೇ ಇಟ್ಟು, ಪಶುವೈದ್ಯರ ಬಳಿಗೆ ಒಯ್ಯಬೇಕು. 1962 ಸಂಖ್ಯೆಯ ಪಶು ಸಹಾಯವಾಣಿಗೆ ಕರೆ ಮಾಡಬಹುದು. ಮೊಲ ತಿಂದುಳಿದ ಸೊಪ್ಪಿನ ಒಂದು ಕಡ್ಡಿಯನ್ನು ಜೊತೆಗೆ ಒಯ್ದರೆ ವೈದ್ಯರ ಅರ್ಧ ಕೆಲಸ ಹಗುರವಾಗುತ್ತದೆ. ಬಾಯಿಗೆ ಎಣ್ಣೆ ಸುರಿಯುವಂತಹ ಪ್ರಯೋಗಗಳು ಬೇಡ.

ಈ ಕೆಲಸದಲ್ಲಿ ವಿದ್ಯಾರ್ಥಿಗಳ ಪಾತ್ರ ದೊಡ್ಡದು. ತಮ್ಮ ಊರಿನ ಬದುಗಳಲ್ಲಿ ಬೆಳೆಯುವ ಸೊಪ್ಪುಗಳ ಹೆಸರುಗಳನ್ನು ಅಜ್ಜಿಯರಿಂದ ಕೇಳಿ ಬರೆದುಕೊಂಡು, ಎಲೆಯೊಂದನ್ನು ಒಣಗಿಸಿ ಪಕ್ಕದಲ್ಲಿ ಅಂಟಿಸಿ, ಮನುಷ್ಯರು ತಿನ್ನುವುದು, ದನ ತಿನ್ನುವುದು, ಮೊಲ ತಿನ್ನುವುದು, ಯಾರೂ ತಿನ್ನಬಾರದ್ದು ಎಂದು ವಿಂಗಡಿಸಿದ ಒಂದು ಪುಸ್ತಕ ಪ್ರತಿ ಶಾಲೆಯಲ್ಲಿಯೂ ತಯಾರಾಗಲಿ. ಪಠ್ಯಪುಸ್ತಕದಲ್ಲಿ ಸಿಗದ ಸಸ್ಯಶಾಸ್ತ್ರ ಅದರಲ್ಲಿರುತ್ತದೆ. ಯಾವ ತೋಟದಲ್ಲಿ ಯಾವಾಗ ಔಷಧ ಹೊಡೆಯಲಾಯಿತೆಂದು ಅಕ್ಕಪಕ್ಕದವರಿಗೆ ಮೊದಲೇ ತಿಳಿಸುವ ಪದ್ಧತಿಯನ್ನು ಹಿರಿಯರು ಆರಂಭಿಸಲಿ; ಸಿಂಪಡಿಸಿದ ತೋಟದ ಮುಂದೆ ಒಂದು ಕೆಂಪು ಬಟ್ಟೆ ಕಟ್ಟಿದರೂ ಸಾಕು. ಕುಡುಗೋಲು ಹಿಡಿದು ಹೊರಟ ಹುಡುಗಿ ಆ ಬಟ್ಟೆಯನ್ನು ಕಂಡು ಮುಂದಿನ ಬದುವಿಗೆ ಹೋದರೆ ಆ ರಾತ್ರಿ ಗೂಡಿನಲ್ಲಿ ಒಂದು ಜೀವ ಉಳಿಯುತ್ತದೆ. ಕೆಂಪು ಬಟ್ಟೆ ಕಟ್ಟುವ ಅಗತ್ಯವೇ ಇಲ್ಲದ ತೋಟಗಳು ವರ್ಷದಿಂದ ವರ್ಷಕ್ಕೆ ಹೆಚ್ಚಾದರೆ ಬದುಗಳಿಗೆ ಬೆರಕೆ ಸೊಪ್ಪೂ ಮರಳಿ ಬರುತ್ತದೆ.